‘ನನಗ ಬರಂಗಿಲ್ರಿ’ ಎನ್ನುವ ಮೊದಲು



ವಿಜ್ಞಾನದ ಪುಟದಲ್ಲಿ ಇಂಗ್ಲಿಷ್ ಕಲಿಯುವ ಮಾತು ಏಕೆ ಬಂತು ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣ ಒಂದು ಅಯಸ್ಕಾಂತ.

ಕಳೆದ ವರ್ಷ ಸೈನ್ಸ್ ಕಿಟ್ ಹಿಡಿದುಕೊಂಡು ನಮ್ಮ ಜಿಲ್ಲೆಯ ಒಂದು ತಾಂಡಾದ ಶಾಲೆಗೆ ಹೋಗಿದ್ದೆ. ಲಂಬಾಣಿ ಜನರು ವಾಸಿಸುವ ಊರನ್ನು ತಾಂಡಾ ಎನ್ನುತ್ತಾರೆ. ಅಲ್ಲಿ ಆರನೇ ತರಗತಿಯ ಒಬ್ಬ ಹುಡುಗಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಇಟ್ಟು, ಪುಡಿ ಏಕೆ ಸಾಲುಸಾಲಾಗಿ ನಿಲ್ಲುತ್ತದೆ ಎಂದು ಎಲ್ಲರಿಗೂ ಕನ್ನಡದಲ್ಲಿ ಚೆನ್ನಾಗಿ ವಿವರಿಸಿದಳು. ಅಷ್ಟರಲ್ಲಿ ಒಂದನೇ ತರಗತಿಯಲ್ಲಿದ್ದ ಅವಳ ತಮ್ಮ ಬಾಗಿಲಲ್ಲಿ ಬಂದು ಇಣುಕಿದ. ಅವನಿಗೆ ಅದೇ ಪಾಠವನ್ನು ಲಂಬಾಣಿಯಲ್ಲಿ ಹೇಳಿದಳು. ಒಂದು ಕ್ಷಣವೂ ತಡವರಿಸಲಿಲ್ಲ. ನಾನು ಖುಷಿಯಾಗಿ ಕಿಟ್ಟಿನ ಡಬ್ಬಿಯ ಮೇಲಿದ್ದ ಇಂಗ್ಲಿಷ್ ಹೆಸರನ್ನು ತೋರಿಸಿ, “ಇದನ್ನ ಓದವ್ವಾ” ಎಂದೆ. ಅವಳ ಮುಖ ಬಾಡಿತು.

“ನನಗ ಇಂಗ್ಲಿಷ್ ಬರಂಗಿಲ್ರಿ ಸರ್. ಹೊಸ ಭಾಷಾ ನನ್ನ ತಲಿಗೆ ಹತ್ತಂಗಿಲ್ಲ.”

“ನಿನಗ ಎಷ್ಟು ಭಾಷಾ ಬರ್ತಾವ?”

“ಒಂದರೀ. ಕನ್ನಡ.”

“ಈಗ ತಮ್ಮಗ ಹೇಳಿದ್ಯಲ್ಲ, ಅದು ಯಾವುದು?”

“ಅದು ಭಾಷಾ ಅಲ್ರಿ ಸರ್. ಮನಿ ಮಾತು.”

ಮಾತು ಮುಂದುವರಿದಂತೆ ಇನ್ನಷ್ಟು ಗೊತ್ತಾಯಿತು. ಅವಳ ತಂದೆ ತಾಯಿ ಗಾರೆ ಕೆಲಸಕ್ಕೆಂದು ಗೋವಾಕ್ಕೆ ಹೋಗುತ್ತಿದ್ದರು. ಇವಳೂ ಕೆಲವು ತಿಂಗಳು ಅಲ್ಲಿದ್ದು, ಅಂಗಡಿಗೆ ಹೋಗಿ ಬರುವಷ್ಟು ಕೊಂಕಣಿ ಕಲಿತಿದ್ದಳು. ಹಿಂದಿ ಪಾಠ ಶುರುವಾದಾಗ ತರಗತಿಯಲ್ಲಿ ಎಲ್ಲರಿಗಿಂತ ಬೇಗ ಅರ್ಥ ಮಾಡಿಕೊಂಡವಳೂ ಅವಳೇ ಎಂದು ಅವರ ಶಿಕ್ಷಕರು ಹೇಳಿದರು. ಹನ್ನೊಂದು ವರ್ಷದ ಹುಡುಗಿಯ ತಲೆಯಲ್ಲಿ ನಾಲ್ಕು ಭಾಷೆಗಳಿವೆ. ಆದರೂ ಹೊಸ ಭಾಷೆ ತಲೆಗೆ ಹತ್ತುವುದಿಲ್ಲ ಎಂದು ಅವಳೇ ತೀರ್ಮಾನ ಕೊಟ್ಟುಬಿಟ್ಟಿದ್ದಾಳೆ!

ಅಂದಿನಿಂದ ನಾನು ಹೋದ ಶಾಲೆಗಳಲ್ಲೆಲ್ಲ ಮಕ್ಕಳನ್ನು ಇದೇ ಪ್ರಶ್ನೆ ಕೇಳುತ್ತಿದ್ದೇನೆ. “ಇಂಗ್ಲಿಷ್ ಯಾಕ ಬರೂದಿಲ್ಲ?” ಎಂದರೆ ಬರುವ ಉತ್ತರಗಳು ಹೆಚ್ಚು ಕಡಿಮೆ ಒಂದೇ. ನಾಲಿಗೆ ಹೊರಳುವುದಿಲ್ಲ. ವಯಸ್ಸಾಯಿತು (ಹನ್ನೆರಡು ವರ್ಷದವರು ಹೇಳುವ ಮಾತಿದು!). ತಪ್ಪಾದರೆ ನಗುತ್ತಾರೆ. ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಈ ಉತ್ತರಗಳನ್ನು ವಿಜ್ಞಾನದ ಕಣ್ಣಿನಿಂದ ನೋಡಿದರೆ ಬಹುಪಾಲು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೊಂದಾಗಿ ನೋಡೋಣ ಬನ್ನಿ.

ಮೊದಲು ನಾಲಿಗೆಯ ವಿಷಯ. ನೀವೇ ಒಂದು ಪ್ರಯೋಗ ಮಾಡಿ. ‘ತ’ ಎಂದು ಹೇಳಿ. ನಾಲಿಗೆಯ ತುದಿ ಎಲ್ಲಿ ಮುಟ್ಟಿತು? ಮೇಲಿನ ಹಲ್ಲುಗಳ ಹಿಂಭಾಗಕ್ಕೆ. ಈಗ ‘ಟ’ ಎನ್ನಿ. ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ಮುಟ್ಟಿತು, ಅಲ್ಲವೇ? ಇಂಗ್ಲಿಷ್ ಮನೆಮಾತಿನವರು ‘ಟೇಬಲ್’ ಎನ್ನುವಾಗ ಅವರ ನಾಲಿಗೆ ಈ ಎರಡರ ನಡುವೆ, ಹಲ್ಲಿನ ಹಿಂದಿರುವ ವಸಡಿನ ದಿಬ್ಬವನ್ನು ಮುಟ್ಟುತ್ತದೆ. ಅದು ನಮ್ಮ ‘ತ’ವೂ ಅಲ್ಲ, ‘ಟ’ವೂ ಅಲ್ಲ. ನಮ್ಮ ಕಿವಿ ಅದನ್ನು ‘ಟ’ದ ಗೂಡಿಗೆ ಹಾಕಿಕೊಳ್ಳುತ್ತದೆ. ಆದ್ದರಿಂದಲೇ ಕನ್ನಡದಲ್ಲಿ ‘ಟೇಬಲ್’ ಎಂದು ಬರೆಯುತ್ತೇವೆ.

ಇದರ ಇನ್ನೊಂದು ಮುಖ ಬಹಳ ಸ್ವಾರಸ್ಯಕರವಾಗಿದೆ. 1984ರಲ್ಲಿ ಕೆನಡಾದ ವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಪುಟ್ಟ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಕೂಸಿಗೆ ಮಾತು ಬರುವುದಿಲ್ಲವಲ್ಲ, ಅದಕ್ಕೆ ವ್ಯತ್ಯಾಸ ಗೊತ್ತಾಯಿತೆಂದು ತಿಳಿಯುವುದು ಹೇಗೆ? ಧ್ವನಿ ಬದಲಾದಾಗ ಕೂಸು ತಲೆ ತಿರುಗಿಸಿದರೆ ಪಕ್ಕದಲ್ಲಿ ಒಂದು ಆಟಿಕೆ ಪ್ರಾಣಿ ಬೆಳಗಿ ಕುಣಿಯುವಂತೆ ಮಾಡಿದ್ದರು. 6ರಿಂದ 8 ತಿಂಗಳ ಕೂಸುಗಳು ಸರಿಯಾಗಿ ತಲೆ ತಿರುಗಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಆ ವ್ಯತ್ಯಾಸ ಸಿಗದಾಯಿತು. ಇಂಗ್ಲಿಷ್ ಮಾತಾಡುವ ದೊಡ್ಡವರಿಗಂತೂ ಎರಡೂ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತಿದ್ದವು. ತಮ್ಮ ಮನೆಯಲ್ಲಿ ಬೇಕಾಗದ ವ್ಯತ್ಯಾಸವನ್ನು ಅವರ ಮಿದುಳು ಬದಿಗೆ ಸರಿಸಿತ್ತು.

ನೋಡಿದಿರಾ? ಅವರಿಗೆ ಕಷ್ಟವಾದ ‘ತ’, ‘ಟ’ ನಿಮಗೆ ಸಲೀಸು. ನಿಮಗೆ ಕಷ್ಟವಾದದ್ದು ಅವರಿಗೆ ಸಲೀಸು. ಇದರಲ್ಲಿ ದಡ್ಡತನದ ಮಾತೆಲ್ಲಿ ಬಂತು?

ಇನ್ನೊಂದು ಪ್ರಯೋಗ. ನೋಟ್‌ಬುಕ್ಕಿನಿಂದ ಎರಡು ಬೆರಳಿನಷ್ಟು ಅಗಲದ ತೆಳು ಕಾಗದದ ಪಟ್ಟಿ ಹರಿದು ತುಟಿಯ ಮುಂದೆ ಹಿಡಿಯಿರಿ. ‘ಪಾಠ’ ಎನ್ನಿ. ಕಾಗದ ಅಲ್ಲಾಡುವುದೇ ಇಲ್ಲ ಎನ್ನಬಹುದು. ಈಗ ‘ಪ’ಕ್ಕೆ ಉಸಿರು ಸೇರಿಸಿ, ಮಹಾಪ್ರಾಣದ ಹಾಗೆ, ‘ಪ್‌ಹೆನ್’ ಎನ್ನಿ. ಕಾಗದ ಹಾರಿತೇ? ಇಂಗ್ಲಿಷ್ ಮನೆಮಾತಿನವರು ‘ಪೆನ್’ ಎನ್ನುವುದು ಹೀಗೆ. ಉಸಿರಿಲ್ಲದೆ ಹೇಳಿದರೆ ಅವರಿಗೆ ಅದು ‘ಬೆನ್’ ಎಂದು ಕೇಳಿಸುವುದೂ ಉಂಟು. ಇಂಥವನ್ನು ಅಭ್ಯಾಸದಿಂದ ಕಲಿಯಬಹುದು. ಜಪಾನಿನ ವಯಸ್ಕರಿಗೆ ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರೆ ಬೇರೆ ಎಂದು ಕೇಳಿಸುವುದೇ ಕಷ್ಟ. ಹಲವರ ದನಿಯಲ್ಲಿ ಕೆಲವು ವಾರ ಕೇಳಿಸಿ ತರಬೇತಿ ಕೊಟ್ಟಾಗ ಅವರು ಸುಧಾರಿಸಿದರು ಎಂಬುದನ್ನು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಒಂದು ಮಾತು ಮಾತ್ರ ನೆನಪಿರಲಿ. ಉಚ್ಚಾರ ಅರ್ಥವಾಗುವಂತಿದ್ದರೆ ಸಾಕು. ನಮ್ಮ ಊರಿನ ದನಿ ಅದರಲ್ಲಿ ಉಳಿದರೆ ನಾಚಿಕೊಳ್ಳಬೇಕಾಗಿಲ್ಲ. ನನ್ನ ಇಂಗ್ಲಿಷಿನಲ್ಲಿ ಈಗಲೂ ನಮ್ಮೂರಿನ ಜೋಳದ ರೊಟ್ಟಿಯ ವಾಸನೆ ಇದೆ ಎಂದು ಗೆಳೆಯರು ಚೇಷ್ಟೆ ಮಾಡುತ್ತಾರೆ. ಮಾಡಲಿ ಬಿಡಿ.

ಇನ್ನು ವಯಸ್ಸಿನ ಮಾತು. ಎಳೆಯ ಮಕ್ಕಳು ಬೇಗ ಕಲಿಯುತ್ತಾರೆ, ಆಮೇಲೆ ಬಾಗಿಲು ಮುಚ್ಚಿತು ಎಂದು ದೊಡ್ಡವರೂ ನಂಬುತ್ತಾರೆ. ನೆದರ್ಲೆಂಡ್ಸ್ ದೇಶಕ್ಕೆ ಹೋಗಿ ಅಲ್ಲಿಯ ಡಚ್ ಭಾಷೆ ಕಲಿಯುತ್ತಿದ್ದ ಇಂಗ್ಲಿಷ್ ಮನೆಮಾತಿನವರನ್ನು ಕ್ಯಾಥರಿನ್ ಸ್ನೋ ಮತ್ತು ಅವರ ಜೊತೆಗಾರ್ತಿ ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದರು. ಅತಿ ವೇಗವಾಗಿ ಕಲಿತವರು 3ರಿಂದ 5 ವರ್ಷದ ಪುಟಾಣಿಗಳಲ್ಲ. 12ರಿಂದ 15 ವರ್ಷದವರು! 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸುಮಾರು 6 ಲಕ್ಷ 70 ಸಾವಿರ ಜನರ ಇಂಗ್ಲಿಷ್ ವ್ಯಾಕರಣ ಜ್ಞಾನವನ್ನು ಪರೀಕ್ಷಿಸಲಾಯಿತು. ವ್ಯಾಕರಣ ಹಿಡಿಯುವ ಶಕ್ತಿ ಸುಮಾರು 17ನೇ ವಯಸ್ಸಿನವರೆಗೂ ಚುರುಕಾಗಿಯೇ ಇರುತ್ತದೆ ಎಂದು ಅದರಿಂದ ಕಂಡುಬಂತು. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಮಟ್ಟವನ್ನು ಪೂರ್ತಿ ಮುಟ್ಟಬೇಕಾದರೆ ಹತ್ತು ವರ್ಷದೊಳಗೆ ಶುರು ಮಾಡುವುದು ಒಳ್ಳೆಯದು ಎಂದೂ ಅದು ಹೇಳುತ್ತದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅಂದರೆ ನೀವು ಶುರು ಮಾಡಿಯಾಗಿದೆ.

17 ದಾಟಿದವರ ಕಥೆಯೂ ಮುಗಿಯುವುದಿಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ ನಮ್ಮ ನಾಡಿಗೆ ಬಂದದ್ದು 1853ರಲ್ಲಿ, 21ನೇ ವಯಸ್ಸಿನಲ್ಲಿ. ಬಂದ ಮೇಲೆ ಕನ್ನಡ ಕಲಿತು, 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ನಡುವಿನ ವರ್ಷಗಳನ್ನು ಲೆಕ್ಕ ಹಾಕಿ, ಅವರ ತಾಳ್ಮೆ ಎಷ್ಟಿತ್ತೆಂದು ತಿಳಿಯುತ್ತದೆ.

ಹಾಗಾದರೆ ಆರು ವರ್ಷ ಓದಿದರೂ ಇಂಗ್ಲಿಷ್ ಏಕೆ ಬರಲಿಲ್ಲ? ಇದು ನ್ಯಾಯವಾದ ಪ್ರಶ್ನೆ. ಪೆನ್ಸಿಲ್ ತೆಗೆದುಕೊಳ್ಳಿ, ಒಂದು ಲೆಕ್ಕ ಮಾಡೋಣ.

ನೀವು ಹುಟ್ಟಿದ ದಿನದಿಂದ ಮೂರು ವರ್ಷ ತುಂಬುವವರೆಗೆ ದಿನಕ್ಕೆ 10 ಗಂಟೆ ಎಚ್ಚರವಾಗಿ ಮನೆಮಾತಿನ ನಡುವೆ ಇದ್ದಿರಿ ಎಂದುಕೊಳ್ಳೋಣ. 10 × 365 × 3 ಎಂದರೆ 10,950 ಗಂಟೆ. ಈಗ ಶಾಲೆಯ ಇಂಗ್ಲಿಷ್. ದಿನಕ್ಕೆ 40 ನಿಮಿಷದ ಒಂದು ಪೀರಿಯಡ್, ವರ್ಷಕ್ಕೆ 220 ದಿನ ಎಂದು ಹಿಡಿದರೆ 8,800 ನಿಮಿಷ. ಅಂದರೆ ಸುಮಾರು 147 ಗಂಟೆ. 10,950ನ್ನು 147ರಿಂದ ಭಾಗಿಸಿ ನೋಡಿ. ಉತ್ತರ ಸುಮಾರು 75. ಮೂರು ವರ್ಷದ ಕೂಸಿನ ಕಿವಿಗೆ ಬಿದ್ದಷ್ಟು ಭಾಷೆ ಶಾಲೆಯ ಪೀರಿಯಡ್ಡಿನಲ್ಲೇ ನಿಮ್ಮ ಕಿವಿಗೆ ಬೀಳಬೇಕಾದರೆ 75 ವರ್ಷ ಬೇಕು! ಆ 10 ಗಂಟೆಯೂ ಯಾರೋ ಮಾತಾಡುತ್ತಲೇ ಇರುವುದಿಲ್ಲ, ನಿಜ. ಆದರೆ ನಮ್ಮ 40 ನಿಮಿಷದಲ್ಲೂ ಅರ್ಧ ಹೊತ್ತು ಕನ್ನಡದಲ್ಲೇ ವಿವರಣೆ ನಡೆಯುತ್ತದೆ, ಅದೂ ನಿಜ.

ಈ ಲೆಕ್ಕ ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ. ನಿಮ್ಮ ತಲೆಯಲ್ಲಿ ಕೊರತೆ ಇಲ್ಲ, ಕಿವಿಗೆ ಬಿದ್ದದ್ದು ಕಡಿಮೆ ಎಂದು ತೋರಿಸಲು ಹೇಳಿದೆ. ‘30 ದಿನಗಳಲ್ಲಿ ಇಂಗ್ಲಿಷ್’ ಎಂದು ಬಸ್ ನಿಲ್ದಾಣದಲ್ಲಿ ಮಾರುವ ಪುಸ್ತಕ ಕಂಡಾಗಲೂ ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಕೇಳುವುದಕ್ಕಿಂತ ಮಾತಾಡುವ ಸಮಯ ಇನ್ನೂ ಕಡಿಮೆ. ತರಗತಿಯಲ್ಲಿ 40 ಮಕ್ಕಳಿದ್ದರೆ 40 ನಿಮಿಷದಲ್ಲಿ ಒಬ್ಬರ ಪಾಲಿಗೆ ಬರುವುದು ಒಂದು ನಿಮಿಷ. ಆ ನಿಮಿಷವೂ ಮುಂದಿನ ಸಾಲಿನವರಿಗೇ ಹೋಗುತ್ತದೆ. ಅದರ ಬದಲು ಊಟದ ಬಿಡುವಿನಲ್ಲಿ ಇಬ್ಬರು ಗೆಳೆಯರು 10 ನಿಮಿಷ ಮಾತಾಡಿಕೊಂಡರೆ ಒಬ್ಬೊಬ್ಬರಿಗೆ 5 ನಿಮಿಷ ಸಿಗುತ್ತದೆ. “ನಿನ್ನೆ ಸಂತೆಯಲ್ಲಿ ಏನು ತಂದಿರಿ?” ಎಂಬಂಥ ಮಾತೇ ಸಾಕು. ಬರದ ಶಬ್ದಕ್ಕೆ ಕನ್ನಡವನ್ನೇ ಸೇರಿಸಿ, ಮಾತು ನಿಲ್ಲಿಸಬೇಡಿ. ಟಿ.ವಿ., ಮೊಬೈಲಿನಲ್ಲಿ ಇಂಗ್ಲಿಷ್ ನೋಡಿದರೆ ಸಾಲದೇ ಎಂದು ಕೇಳುತ್ತೀರಿ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 9 ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು 12 ಸಲ, ಸಲಕ್ಕೆ 25 ನಿಮಿಷದಂತೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತನ್ನು ಟಿ.ವಿ.ಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ನೀವು ಕೂಸುಗಳಲ್ಲ, ನಿಮಗೆ ಟಿ.ವಿ.ಯಿಂದ ಒಂದಿಷ್ಟು ಲಾಭ ಇದ್ದೇ ಇದೆ. ಆದರೆ ಟಿ.ವಿ. ನಿಮ್ಮನ್ನು ತಿರುಗಿ ಪ್ರಶ್ನೆ ಕೇಳುವುದಿಲ್ಲ.

ತಪ್ಪಿನ ಭಯದ ಬಗ್ಗೆ ನನಗೆ ಸ್ವಂತ ಅನುಭವವಿದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎಸ್ಸಿ.ಗೆ ಹೋದವನು. ಮೊದಲ ವರ್ಷವಿಡೀ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪ್ರಶ್ನೆ ಇರಲಿಲ್ಲವೆಂದಲ್ಲ. ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ತೀಡಿ ಸಿದ್ಧ ಮಾಡುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಆ ವರ್ಷ ನಾನು ಕಳೆದುಕೊಂಡದ್ದು ಇಂಗ್ಲಿಷನ್ನಲ್ಲ, ಭೌತಶಾಸ್ತ್ರವನ್ನು. ಇಂದಿಗೂ ಆ ಕೊರಗು ಇದೆ.

ತಪ್ಪುಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ಹಿಂದೆ ಬುದ್ಧಿ ಕೆಲಸ ಮಾಡಿರುವುದು ಕಾಣುತ್ತದೆ. ‘ಐ ಈಟ್ ರೈಸ್’ ಎನ್ನುವ ಬದಲು ‘ಐ ರೈಸ್ ಈಟ್’ ಎಂದು ನೀವು ಹೇಳಿದ್ದುಂಟೇ? ‘ನಾನು ಅನ್ನ ತಿನ್ನುತ್ತೇನೆ’ ಎಂಬಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆ ನಿಯಮವನ್ನು ನಿಮ್ಮ ಮಿದುಳು ಇಂಗ್ಲಿಷಿಗೂ ಹಚ್ಚಿ ನೋಡಿದೆ. ಬಸ್ಸು, ಪೆನ್ನು, ಕಾರು ಎಂದು ಕೊನೆಗೆ ‘ಉ’ ಸೇರಿಸುವುದೂ ಇಂಥದೇ ಕನ್ನಡದ ರೂಢಿ. ನಿಮ್ಮ ಮನೆಯ ಪುಟ್ಟ ಮಗು ‘ತಿಂದೆ’ ಎನ್ನುವ ಬದಲು ‘ತಿನ್ನಿದೆ’ ಎಂದರೆ ಯಾರೂ ಬೈಯುವುದಿಲ್ಲ, ಮುದ್ದು ಮಾಡುತ್ತಾರೆ. ಇಂಗ್ಲಿಷ್ ಮಕ್ಕಳೂ ‘ವೆಂಟ್’ ಎನ್ನಬೇಕಾದಲ್ಲಿ ‘ಗೋಡ್’ ಎನ್ನುತ್ತಾರೆ. ನಿಯಮ ಹುಡುಕುವ ಮಿದುಳು ಹಾಗೆ ತಪ್ಪುತ್ತದೆ, ಮತ್ತೆ ಕೇಳುತ್ತ ಕೇಳುತ್ತ ತಿದ್ದಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ತಿದ್ದುವುದಕ್ಕೆ ಏನೂ ಇರುವುದಿಲ್ಲ. ಆದ್ದರಿಂದ ನಗುವವರಿಗೂ ಒಂದು ಮಾತು ಹೇಳುತ್ತೇನೆ. ಗೆಳೆಯ ತಪ್ಪಿದಾಗ ನೀವು ನಕ್ಕರೆ ಅವನ ಒಂದು ನಿಮಿಷವನ್ನೂ ಕಿತ್ತುಕೊಂಡಂತೆ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪು ನಂಬಿಕೆಗೆ ಬರುತ್ತೇನೆ. ಮನೆಮಾತು ಹೊಸ ಭಾಷೆಗೆ ಅಡ್ಡಿ ಎಂಬುದು ಅದು. ಇದನ್ನು ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಹೇಳುತ್ತಾರೆ. ನಾನೂ ಹೇಳಿದ್ದೇನೆ. ಬಹಳ ವರ್ಷಗಳ ಹಿಂದೆ ಇನ್ನೊಂದು ತಾಂಡಾದಲ್ಲಿ ಪಾಲಕರ ಸಭೆ ನಡೆದಿತ್ತು. “ಮನೆಯಲ್ಲಿ ಮಕ್ಕಳ ಜೊತೆ ಲಂಬಾಣಿ ಬಿಡ್ರಿ, ಕನ್ನಡದಾಗ ಮಾತಾಡ್ರಿ, ಅಂದ್ರ ಶಾಲ್ಯಾಗ ಮುಂದ ಬರ್ತಾರ” ಎಂದು ದೊಡ್ಡದಾಗಿ ಭಾಷಣ ಮಾಡಿದೆ. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತು ಹೇಳಿದಳು: “ನನಗ ಬರೋ ಕನ್ನಡ ಸಂತಿಗೆ ಸಾಕಾಗತೈತ್ರಿ. ಮೊಮ್ಮಕ್ಕಳಿಗೆ ಕಥಿ ಹೇಳಾಕ ಸಾಲಂಗಿಲ್ಲ.”

ನನ್ನ ಬಳಿ ಉತ್ತರವಿರಲಿಲ್ಲ. ಆಕೆ ಹೇಳಿದ್ದೇ ಸರಿಯಾಗಿತ್ತು ಎಂದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು. ಕಥೆ ಕೇಳುವಾಗ ಮಗು ಶಬ್ದಗಳನ್ನಷ್ಟೇ ಕಲಿಯುವುದಿಲ್ಲ. ಮೊದಲು ಏನಾಯಿತು, ಆಮೇಲೆ ಏನಾಯಿತು, ಹಾಗೇಕೆ ಆಯಿತು, ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದನ್ನೂ ಕಲಿಯುತ್ತದೆ. ವಿಜ್ಞಾನಕ್ಕೆ ಬೇಕಾದದ್ದು ಇದೇ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟೇ ಭಾಷೆಯಲ್ಲಿ ಮಗುವನ್ನು ಬೆಳೆಸಿದರೆ ಅದರ ಯೋಚನೆಯೂ ಅಷ್ಟಕ್ಕೇ ನಿಲ್ಲುವ ಅಪಾಯವಿದೆ.

ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಇದಕ್ಕೆ ಒಂದು ಚಿತ್ರ ಕೊಟ್ಟಿದ್ದಾರೆ. ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಎರಡು ಶಿಖರಗಳು ನೀರಿನ ಮೇಲೆ ಬೇರೆ ಬೇರೆಯಾಗಿ ಕಾಣುತ್ತವೆ. ನೀರಿನ ಕೆಳಗೆ ಮಾತ್ರ ಅದು ಒಂದೇ ಗಡ್ಡೆ. ಎರಡು ಭಾಷೆಗಳೂ ಹೀಗೆ. ಒಂದರಲ್ಲಿ ತಿಳಿದದ್ದು ಇನ್ನೊಂದಕ್ಕೂ ಸೇರುತ್ತದೆ. ನಮ್ಮ ಅಯಸ್ಕಾಂತದ ಹುಡುಗಿಯನ್ನೇ ನೋಡಿ. ಕನ್ನಡದಲ್ಲಿ ಕಲಿತದ್ದನ್ನು ತಮ್ಮನಿಗೆ ಲಂಬಾಣಿಯಲ್ಲಿ ಹೇಳಲು ಅವಳು ಮತ್ತೊಮ್ಮೆ ಪಾಠ ಕೇಳಬೇಕಾಗಲಿಲ್ಲ. ಹಿಂದಿ ಅವಳಿಗೆ ಬೇಗ ಹತ್ತಿದ್ದೂ ಸುಮ್ಮನೆ ಅಲ್ಲ. ಲಂಬಾಣಿ ಭಾಷೆ ರಾಜಸ್ಥಾನದ ಭಾಷೆಗಳ ಬಳಗಕ್ಕೆ ಸೇರಿದ್ದು. ಲಂಬಾಣಿಯಲ್ಲಿ ನೀರಿಗೆ ‘ಪಾಣಿ’, ಹಿಂದಿಯಲ್ಲಿ ‘ಪಾನಿ’. ಅವಳು ಕಡೆಗಣಿಸಿದ ‘ಮನಿ ಮಾತೇ’ ಅವಳಿಗೆ ಹಿಂದಿಯ ಬಾಗಿಲು ತೆರೆದಿತ್ತು.

ಲಂಬಾಣಿಗೆ ತನ್ನದೇ ಲಿಪಿ ಇಲ್ಲ, ಆದ್ದರಿಂದ ಅದು ಭಾಷೆಯಲ್ಲ ಎನ್ನುವವರೂ ಇದ್ದಾರೆ. ಹಾಗೆ ನೋಡಿದರೆ ಇಂಗ್ಲಿಷಿಗೂ ತನ್ನದೇ ಲಿಪಿ ಇಲ್ಲ, ಅದು ಬರೆಯುವುದು ರೋಮನ್ ಲಿಪಿಯಲ್ಲಿ. ಹಿಂದಿ, ಮರಾಠಿಗಳದು ದೇವನಾಗರಿ. ಕೊಂಕಣಿಯನ್ನು ಕನ್ನಡವೂ ಸೇರಿ ಹಲವು ಲಿಪಿಗಳಲ್ಲಿ ಬರೆಯುತ್ತಾರೆ.

ಎರಡು ಮೂರು ಭಾಷೆ ತುಂಬಿದರೆ ತಲೆ ಗೊಂದಲವಾಗುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮುಪ್ಪಿನ ಮರೆವಿನ ಕಾಯಿಲೆಯಿದ್ದ 648 ಜನರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಕಂಡಿತು. ಇದಕ್ಕೆ ಭಾಷೆಯೊಂದೇ ಕಾರಣವೇ ಎಂದು ವಿಜ್ಞಾನಿಗಳು ಈಗಲೂ ಚರ್ಚಿಸುತ್ತಾರೆ. ಹಲವು ಭಾಷೆಗಳಿಂದ ಮಿದುಳಿಗೆ ಕೇಡಾಯಿತೆಂದು ಮಾತ್ರ ಅಲ್ಲಿ ಕಾಣಲಿಲ್ಲ. ನಮ್ಮ ಸಾಹಿತ್ಯದಲ್ಲೇ ಇದಕ್ಕೆ ಉದಾಹರಣೆಗಳಿವೆ. ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮೂವರಿಗೂ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡಕ್ಕೆ.

ಶಿಕ್ಷಕ ಮಿತ್ರರು ಈ ಪುಟವನ್ನು ಓದುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ತರಗತಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ವಿಜ್ಞಾನ ಪಾಠದ ಒಂದೊಂದು ಹೊಸ ಶಬ್ದವನ್ನೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಮಕ್ಕಳ ಮನೆಮಾತುಗಳಿಗೂ ಜಾಗ ಬಿಡಿ. ಲಂಬಾಣಿ, ಉರ್ದು, ತೆಲುಗು, ಮರಾಠಿ, ತುಳು, ಯಾವುದಾದರೂ ಸರಿ. ಆ ಜಾಗವನ್ನು ಮಕ್ಕಳೇ ತುಂಬಲಿ.

ಮೊನ್ನೆ ಆ ತಾಂಡಾದ ಶಾಲೆಗೆ ಮತ್ತೆ ಹೋದಾಗ ಅಂಥ ಹಾಳೆಯೊಂದನ್ನು ಅಂಟಿಸಿ ಬಂದೆ. ಮೊದಲ ಸಾಲಿನಲ್ಲಿ ಅಯಸ್ಕಾಂತ, ಪಕ್ಕದಲ್ಲಿ ಸೂಜಿಗಲ್ಲು, ಅದರ ಪಕ್ಕದಲ್ಲಿ ಮ್ಯಾಗ್ನೆಟ್ ಎಂದು ಬರೆದೆವು. ಈಗ ಏಳನೇ ತರಗತಿಯಲ್ಲಿರುವ ಆ ಹುಡುಗಿ ಅದನ್ನು ನೋಡುತ್ತ ನಿಂತಳು.

“ಸರ್, ನಮ್ಮ ಮಾತಿನ್ಯಾಗ ಮ್ಯಾಗ್ನೆಟ್ಟಿಗೆ ಏನಂತಾರ್ರಿ?”

“ನನಗ ಗೊತ್ತಿಲ್ಲವ್ವಾ.”

“ಅಜ್ಜಿನ್ನ ಕೇಳ್ಕೊಂಡು ಬರ್ತೀನ್ರಿ” ಎಂದಳು. ಆ ಜಾಗ ಇನ್ನೂ ಖಾಲಿ ಇದೆ. ಮುಂದಿನ ತಿಂಗಳು ಹೋದಾಗ ನೋಡಬೇಕು.